ಸಾಲದ ಪ್ರಶ್ನೆ ಕೇಳುವುದು ಹೇಗೆ: ಸಮೀಕ್ಷೆಯ ಪ್ರಶ್ನಾವಳಿ ಕಟ್ಟುವ, ಪರೀಕ್ಷಿಸುವ ಕೆಲಸ

“ಕಳೆದ 12 ತಿಂಗಳಲ್ಲಿ ನಿಮ್ಮ ಕುಟುಂಬವು ಯಾವುದೇ ಮೂಲದಿಂದ ಸಾಲ ಪಡೆದಿದೆಯೇ?” ಹಳ್ಳಿಗಳ ಆರ್ಥಿಕ ಸಮೀಕ್ಷೆಗೆಂದು ಬರೆದ ಮೊದಲ ಕರಡಿನಲ್ಲಿ ಇಂಥದೊಂದು ಪ್ರಶ್ನೆ ಇದ್ದೇ ಇರುತ್ತದೆ. ವ್ಯಾಕರಣ ಸರಿಯಾಗಿದೆ, ಅರ್ಥವೂ ಸ್ಪಷ್ಟವಿದ್ದಂತೆ ಕಾಣುತ್ತದೆ. ಆದರೆ ತುಮಕೂರು ಜಿಲ್ಲೆಯ ಯಾವುದಾದರೂ ಹಳ್ಳಿಯ ಜಗಲಿಯಲ್ಲಿ ಕೂತು ಇದನ್ನು ಓದಿ ನೋಡಿ. ಸೊಸೈಟಿಯ ಬೆಳೆ ಸಾಲ ರಿನ್ಯೂವಲ್ ಮಾಡಿಸಿಕೊಂಡವರು, ಪ್ರತಿ ವಾರ ಸಂಘಕ್ಕೆ ಕಂತು ಕಟ್ಟುವವರು, ಬ್ಯಾಂಕಿನಲ್ಲಿ ಒಡವೆ ಅಡ ಇಟ್ಟವರು, ಗೊಬ್ಬರದ ಅಂಗಡಿಯಲ್ಲಿ ಉದ್ರಿ ಬರೆಸಿದವರು, ಇವರಲ್ಲಿ ಎಷ್ಟೋ ಮಂದಿ “ಸಾಲ ಗೀಲ ಏನಿಲ್ಲ” ಎಂದುಬಿಡುತ್ತಾರೆ. ಯಾರೂ ಸುಳ್ಳು ಹೇಳುತ್ತಿಲ್ಲ. ಅವರ ಮಾತಿನಲ್ಲಿ ಸಾಲ ಎಂದರೆ ಇನ್ನೊಬ್ಬರ ಮುಂದೆ ಕೈಚಾಚಿ ತಂದದ್ದು. ಉದ್ರಿ ಉದ್ರಿಯೇ, ಒಡವೆ ಇಟ್ಟದ್ದು ಇಟ್ಟದ್ದೇ.

ಸಮೀಕ್ಷೆಯಲ್ಲಿ ಎರಡು ಬಗೆಯ ತಪ್ಪು ನುಸುಳುತ್ತವೆ. ಎಷ್ಟು ಮನೆ ಆರಿಸಿದೆವು, ಹೇಗೆ ಆರಿಸಿದೆವು ಎಂಬುದರಿಂದ ಹುಟ್ಟುವ ತಪ್ಪನ್ನು ಸೂತ್ರ ಹಾಕಿ ಲೆಕ್ಕ ಹಾಕಬಹುದು, ಮನೆಗಳ ಸಂಖ್ಯೆ ಹೆಚ್ಚಿಸಿ ಕಡಿಮೆಯೂ ಮಾಡಬಹುದು. ಪ್ರಶ್ನೆಯಿಂದ ಹುಟ್ಟುವ ತಪ್ಪಿಗೆ ಆ ಉಪಾಯವಿಲ್ಲ. 500 ಮನೆಯಲ್ಲಿ ತಪ್ಪಾಗಿ ಕೇಳಿದ ಪ್ರಶ್ನೆಯನ್ನು 50,000 ಮನೆಯಲ್ಲಿ ಕೇಳಿದರೆ ಅದೇ ತಪ್ಪು ಇನ್ನಷ್ಟು ಖಚಿತವಾಗಿ ಕೈಗೆ ಬರುತ್ತದೆ, ಅಷ್ಟೆ. ಹಾಗಾಗಿ ಸಮೀಕ್ಷೆಯ ಹಣ, ಸಮಯಗಳಲ್ಲಿ ಒಂದು ಪಾಲನ್ನು ಪ್ರಶ್ನೆಗಳನ್ನು ಪರೀಕ್ಷಿಸುವುದಕ್ಕೇ ಎತ್ತಿಡಬೇಕು ಎಂಬುದು ನಮ್ಮ ಗಟ್ಟಿ ಅಭಿಪ್ರಾಯ. ಈ ಲೇಖನದಲ್ಲಿ ಸಾಲದ ಪ್ರಶ್ನೆಯೊಂದನ್ನೇ ಹಿಡಿದು ಆ ಕೆಲಸ ಹೇಗೆ ನಡೆಯುತ್ತದೆ ಎಂದು ನೋಡೋಣ.

ಮೊದಲು ಕೋಷ್ಟಕ, ಆಮೇಲೆ ಪ್ರಶ್ನೆ

ಪ್ರಶ್ನಾವಳಿ ಬರೆಯಲು ಕೂತವರು ನೇರವಾಗಿ ಪ್ರಶ್ನೆಗಳನ್ನೇ ಬರೆಯತೊಡಗುತ್ತಾರೆ. ಒಂದೇ ದಿನದಲ್ಲಿ ಪಟ್ಟಿ 150 ದಾಟುತ್ತದೆ. ಮಾಡಬೇಕಾದ್ದು ಉಲ್ಟಾ. ಕೊನೆಯ ವರದಿಯಲ್ಲಿ ಬರಬೇಕಾದ ಕೋಷ್ಟಕಗಳನ್ನು ಅಂಕಿಯಿಲ್ಲದೆ, ಸಾಲು ಕಂಬಗಳ ತಲೆಬರಹಗಳ ಸಮೇತ ಕಾಗದದ ಮೇಲೆ ಬಿಡಿಸಿಕೊಳ್ಳಿ. “ಹಿಡುವಳಿಯ ಗಾತ್ರಕ್ಕೆ ಅನುಗುಣವಾಗಿ, ಸಾಲದ ಮೂಲವಾರು, ಇವತ್ತಿನ ಬಾಕಿ” ಎಂಬುದು ಒಂದು ಕೋಷ್ಟಕವಾದರೆ ಬೇಕಾಗಿರುವುದು ಮೂರೇ ವಿಷಯ: ಎಷ್ಟು ಎಕರೆ ಗುಂಟೆ ಜಮೀನು, ಯಾವ ಮೂಲ, ಎಷ್ಟು ಬಾಕಿ. ಯಾವ ಕೋಷ್ಟಕಕ್ಕೂ ಸೇರದ ಪ್ರಶ್ನೆಯನ್ನು “ಇರಲಿ, ಮುಂದೆ ಉಪಯೋಗಕ್ಕೆ ಬರಬಹುದು” ಎಂದು ಉಳಿಸಿಕೊಳ್ಳಬೇಡಿ. ಉತ್ತರಿಸುವವರು ಹೊಲದ ಕೆಲಸ ಬಿಟ್ಟು, ಒಲೆಯ ಮೇಲಿನ ಅನ್ನ ಬಿಟ್ಟು ಕೂತಿರುತ್ತಾರೆ. 45 ನಿಮಿಷ ದಾಟಿದ ಮೇಲೆ ಬರುವ ಉತ್ತರಗಳು ಚುಟುಕಾಗುತ್ತವೆ, “ಅದೇ ಬರ್ಕೊಳ್ಳಿ” ಎಂಬ ಮಾತು ಶುರುವಾಗುತ್ತದೆ.

ಕೋಷ್ಟಕ ಬಿಡಿಸುವಾಗಲೇ ವ್ಯಾಖ್ಯೆಯ ತಕರಾರುಗಳು ಎದುರಾಗುತ್ತವೆ. “ಕುಟುಂಬ” ಎಂದರೆ ಯಾರು? ಜನಗಣತಿಯಲ್ಲೂ ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲೂ ಅಳತೆಗೋಲು ಅಡುಗೆಮನೆ: ಸಾಮಾನ್ಯವಾಗಿ ಒಟ್ಟಿಗಿದ್ದು ಒಂದೇ ಒಲೆಯ ಊಟ ಮಾಡುವವರು ಒಂದು ಮನೆವಾರ್ತೆ. ಆದರೆ ಹಳ್ಳಿಯಲ್ಲಿ ನಿಮ್ಮ ಕುಟುಂಬ ಎಂದು ಕೇಳಿದರೆ ಭಾಗವಾಗಿ ಪಕ್ಕದ ಮನೆಯಲ್ಲಿರುವ ಅಣ್ಣತಮ್ಮಂದಿರೂ ಬರಬಹುದು. ಕೆಲವು ಕಡೆ ಕುಟುಂಬ ಎಂದರೆ ಹೆಂಡತಿ ಎಂದೇ ಅರ್ಥ. ಬೆಂಗಳೂರಿನ ಪಿ.ಜಿ.ಯಲ್ಲಿದ್ದು ತಿಂಗಳಿಗೊಮ್ಮೆ ದುಡ್ಡು ಕಳಿಸುವ ಮಗನ ಬೈಕಿನ ಇಎಂಐ ಈ ಮನೆಯ ಸಾಲವೋ ಅಲ್ಲವೋ? ಇದನ್ನು ಮೊದಲೇ ತೀರ್ಮಾನಿಸಿ ಕೈಪಿಡಿಯಲ್ಲಿ ಬರೆಯದಿದ್ದರೆ ಒಬ್ಬೊಬ್ಬ ಸಮೀಕ್ಷಕರು ಒಂದೊಂದು ಥರ ತೀರ್ಮಾನಿಸುತ್ತಾರೆ, ಮತ್ತು ಆ ವ್ಯತ್ಯಾಸ ಅಂಕಿಅಂಶದಲ್ಲಿ ತಾಲ್ಲೂಕುಗಳ ನಡುವಿನ ವ್ಯತ್ಯಾಸದಂತೆ ಕಾಣಿಸುತ್ತದೆ.

ವ್ಯಾಖ್ಯೆ ಎಷ್ಟು ದೂರ ಒಯ್ಯುತ್ತದೆ ಎಂಬುದಕ್ಕೆ ರಾಷ್ಟ್ರೀಯ ಉದಾಹರಣೆಯೇ ಇದೆ. ರಾಷ್ಟ್ರೀಯ ಮಾದರಿ ಸಮೀಕ್ಷೆಯ 77ನೇ ಸುತ್ತು (2019) ಗ್ರಾಮೀಣ ಭಾರತದಲ್ಲಿ ಶೇ. 35ರಷ್ಟು ಮನೆಗಳಿಗೆ ಸಾಲವಿದೆ ಎಂದಿತು. ಅಲ್ಲಿ ಲೆಕ್ಕಕ್ಕೆ ಹಿಡಿದದ್ದು 2018ರ ಜೂನ್ 30ರಂದು ಇದ್ದ ಬಾಕಿ. ಅದಕ್ಕೂ ಮುಂಚಿನ, ಕೃಷಿ ಮತ್ತು ಗ್ರಾಮೀಣಾಭಿವೃದ್ಧಿ ಬ್ಯಾಂಕಾದ ನಬಾರ್ಡ್‌ನ ಸಮೀಕ್ಷೆ (2016-17) ಶೇ. 47.4 ಎಂದಿತ್ತು, ಅದು ಸಮೀಕ್ಷೆ ನಡೆದ ದಿನದ ಬಾಕಿಯನ್ನು ಕೇಳಿತ್ತು, 50,000ಕ್ಕಿಂತ ಕಡಿಮೆ ಜನರಿರುವ ಪಟ್ಟಣಗಳನ್ನೂ ಗ್ರಾಮೀಣ ಎಂದು ಎಣಿಸಿತ್ತು. ಪ್ರದೇಶ, ದಿನಾಂಕ, ಕೇಳುವ ವಿಧಾನ ಎಲ್ಲ ಬೇರೆಯಿರುವಾಗ ಎರಡು ಅಂಕಿಗಳನ್ನು ಪಕ್ಕದಲ್ಲಿಟ್ಟು “ಸಾಲ ಇಳಿಯಿತು” ಎಂದು ಬರೆಯುವಂತಿಲ್ಲ.

ಒಂದೇ ಪ್ರಶ್ನೆ, ಮೂರು ಕರಡು

ಮೊದಲಿನ ಪ್ರಶ್ನೆಗೆ ವಾಪಸ್ ಬರೋಣ. ಅದರಲ್ಲಿರುವ “12 ತಿಂಗಳಲ್ಲಿ ಪಡೆದ” ಎಂಬುದು ಹರಿವನ್ನು, ಅಂದರೆ ಆ ಅವಧಿಯಲ್ಲಿ ಹೊಸದಾಗಿ ಬಂದ ಸಾಲವನ್ನಷ್ಟೇ, ಅಳೆಯುತ್ತದೆ. ನಮಗೆ ಬೇಕಾದದ್ದು ಇವತ್ತಿನ ಹೊರೆಯಾದರೆ, ಮೂರು ವರ್ಷದ ಹಿಂದೆ ಬೋರ್‌ವೆಲ್ ಕೊರೆಸಲು ತಂದು ಇನ್ನೂ ತೀರಿಸುತ್ತಿರುವ ಸಾಲ ತಪ್ಪಿಹೋಯಿತು. ಬೆಳೆ ಸಾಲ ಇನ್ನೊಂದು ಗೋಜಲು. ವರ್ಷಕ್ಕೊಮ್ಮೆ ಹಳೆಯದನ್ನು ಕಟ್ಟಿ, ಕೆಲವೇ ದಿನಗಳಲ್ಲಿ ಅಷ್ಟೇ ಮೊತ್ತವನ್ನು ಮತ್ತೆ ಎತ್ತುತ್ತಾರೆ. ಬ್ಯಾಂಕಿನ ಪುಸ್ತಕದಲ್ಲಿ ಅದು ಹೊಸ ಸಾಲ, ರೈತರ ಲೆಕ್ಕದಲ್ಲಿ ಹಳೆಯದೇ. “ಪಡೆದಿದ್ದೀರಾ” ಎಂದರೆ ಅರ್ಧ ಜನ ಹೌದು, ಅರ್ಧ ಜನ ಇಲ್ಲ ಎನ್ನುತ್ತಾರೆ.

ಎರಡನೇ ಕರಡು: “ಈಗ ನಿಮ್ಮ ಮನೆಯವರು ಯಾರಿಗಾದರೂ ಹಣ ತೀರಿಸಬೇಕಾಗಿದೆಯಾ?” ಆಡುಮಾತಿಗೆ ಹತ್ತಿರವಾಗಿದೆ, ಬಾಕಿಯನ್ನೇ ಕೇಳುತ್ತಿದೆ. ಇದನ್ನು ಪರೀಕ್ಷೆಗೆ ಒಯ್ದಾಗ ಮಾತುಕತೆ ಹೀಗೆ ಸಾಗುವುದುಂಟು:

“ಇಲ್ಲಮ್ಮ, ಯಾರಿಗೂ ಕೊಡೋದಿಲ್ಲ.”

“‘ಯಾರಿಗಾದರೂ’ ಅಂದಾಗ ನಿಮ್ಮ ಮನಸ್ಸಿಗೆ ಯಾರು ಯಾರು ಬಂದ್ರು ಅಕ್ಕ?”

“ಇಲ್ಲೇ ಊರೋರು, ನೆಂಟ್ರು. ಯಾರ ಹತ್ರನೂ ಕೈಚಾಚಿಲ್ಲ.”

“ಬ್ಯಾಂಕು?”

“ಬ್ಯಾಂಕು ಯಾರೋ ಅಲ್ವಲ್ಲ. ಅಲ್ಲಿ ಒಡವೆ ಇಟ್ಟಿದೀವಿ, ಅಷ್ಟೆ.”

“ಯಾರಿಗಾದರೂ” ಎಂಬ ಒಂದು ಪದ ಬ್ಯಾಂಕು, ಸೊಸೈಟಿ, ಫೈನಾನ್ಸ್ ಎಲ್ಲವನ್ನೂ ಹೊರಗಿಟ್ಟಿತು. ಕಚೇರಿಯಲ್ಲಿ ಕೂತು ಓದುವಾಗ ಇದು ಯಾರ ಕಣ್ಣಿಗೂ ಬೀಳುವುದಿಲ್ಲ.

ಮೂರನೇ ಕರಡು ಒಂದೇ ದೊಡ್ಡ ಪ್ರಶ್ನೆಯನ್ನು ಬಿಟ್ಟು ಪಟ್ಟಿ ಹಿಡಿಯುತ್ತದೆ. “ನಾನೀಗ ಒಂದೊಂದಾಗಿ ಓದ್ತೀನಿ. ಇವತ್ತಿನ ದಿನಕ್ಕೆ ನಿಮ್ಮ ಮನೆಯವರು ಅಲ್ಲಿ ಕಟ್ಟೋದು ಬಾಕಿ ಇದ್ರೆ ಹೌದು ಅನ್ನಿ” ಎಂದು ಶುರುಮಾಡಿ, ಸೊಸೈಟಿ, ಬ್ಯಾಂಕಿನ ಬೆಳೆ ಸಾಲ, ಒಡವೆ ಅಡ ಇಟ್ಟದ್ದು, ಮಹಿಳಾ ಸಂಘ, ವಾರದ ಅಥವಾ ತಿಂಗಳ ಕಂತಿನ ಫೈನಾನ್ಸ್, ಬೈಕು ಟ್ರ್ಯಾಕ್ಟರ್ ಮೊಬೈಲಿನ ಇಎಂಐ, ಗೊಬ್ಬರ-ಬೀಜದ ಅಂಗಡಿಯ ಉದ್ರಿ, ದಿನಸಿ ಅಂಗಡಿಯ ಉದ್ರಿ, ಮಂಡಿಯಲ್ಲಿ ತಂದ ಮುಂಗಡ, ಬಡ್ಡಿಗೆ ಕೊಡುವವರು, ನೆಂಟರಿಷ್ಟರ ಕೈಗಡ, ಮೊಬೈಲ್ ಆ್ಯಪಿನ ಸಾಲ, ಹೀಗೆ ಹನ್ನೆರಡನ್ನು ಒಂದೊಂದೇ ಹೆಸರಿಸುವುದು. ಎರಡು ನಿಮಿಷ ಹೆಚ್ಚು ಹಿಡಿಯುತ್ತದೆ. ಕೈಬಿಟ್ಟುಹೋಗುತ್ತಿದ್ದ ಬಾಕಿಗಳು ಒಳಗೆ ಬರುತ್ತವೆ.

ಇಲ್ಲಿ ಜೋಡಣೆಯ ಗುಟ್ಟೊಂದಿದೆ. ಒಂದು ಮೂಲಕ್ಕೆ ಹೌದು ಎಂದ ತಕ್ಷಣ ಅದರ ಮೊತ್ತ, ಬಡ್ಡಿ, ಕಂತು, ಉದ್ದೇಶ ಎಂದು ಎಂಟು ಪ್ರಶ್ನೆ ತೆರೆದುಕೊಳ್ಳುವಂತೆ ಮಾಡಿದರೆ, ಉತ್ತರಿಸುವವರು ಎರಡನೇ ಮೂಲಕ್ಕೇ ಪಾಠ ಕಲಿಯುತ್ತಾರೆ: ಇಲ್ಲ ಎಂದರೆ ಬೇಗ ಮುಗಿಯುತ್ತದೆ. ಸಮೀಕ್ಷಕರೂ ಕಲಿಯುತ್ತಾರೆ. ಆದ್ದರಿಂದ ಹನ್ನೆರಡೂ ಹೌದು-ಇಲ್ಲಗಳನ್ನು ಮೊದಲು ಮುಗಿಸಿ, ಆಮೇಲೆ ಹೌದು ಎಂದವುಗಳ ವಿವರಕ್ಕೆ ಹೋಗಬೇಕು. ಕೆಲಸ ತಪ್ಪಿಸುವ ಈ ಒಲವು ಸಣ್ಣದೆಂದುಕೊಳ್ಳಬೇಡಿ. ಹಲವು ದೇಶಗಳ ಕುಟುಂಬ ಆರೋಗ್ಯ ಸಮೀಕ್ಷೆಗಳಲ್ಲಿ ಐದು ವರ್ಷದೊಳಗಿನ ಮಕ್ಕಳ ಬಗ್ಗೆ ಉದ್ದನೆಯ ಆರೋಗ್ಯ ಪ್ರಶ್ನೆಗಳಿರುತ್ತವೆ. ಆ ಗಡಿಯ ಒಳಗಿರಬೇಕಾದ ಮಕ್ಕಳ ಹುಟ್ಟಿದ ವರ್ಷ ಗಡಿಯಾಚೆಗೆ ಸರಿದಿರುವುದು ಅಂಕಿಅಂಶದಲ್ಲಿ ಮತ್ತೆ ಮತ್ತೆ ಕಂಡಿದೆ.

ಬಡ್ಡಿ

ಸಾಲದ ವಿಭಾಗದಲ್ಲಿ ಅತಿ ಹೆಚ್ಚು ಹಾಳಾಗುವ ಅಂಕಿ ಬಡ್ಡಿಯದು. “ಬಡ್ಡಿ ದರ ಎಷ್ಟು?” ಎಂದು ಕೇಳಿ ಒಂದು ಖಾನೆ ಬಿಟ್ಟರೆ ಅದರಲ್ಲಿ 3 ಎಂದೂ 7 ಎಂದೂ ಬರುತ್ತದೆ. ಏಳು ಬ್ಯಾಂಕಿನ ವಾರ್ಷಿಕ ದರ. ಮೂರು, “ಮೂರು ರೂಪಾಯಿ ಬಡ್ಡಿ”, ಅಂದರೆ ನೂರಕ್ಕೆ ತಿಂಗಳಿಗೆ ಮೂರು, ವರ್ಷಕ್ಕೆ ಶೇ. 36. ಎರಡನ್ನೂ ಒಂದೇ ಕಂಬದಲ್ಲಿ ಕೂಡಿಸಿ ಸರಾಸರಿ ತೆಗೆದರೆ, ಕೈಬಡ್ಡಿಯವರು ಬ್ಯಾಂಕಿಗಿಂತ ಅಗ್ಗ ಎಂಬ ತೀರ್ಮಾನ ಬರುತ್ತದೆ! ಅಂಕಿಯ ಪಕ್ಕದಲ್ಲೇ ಅಳತೆಯ ಖಾನೆ ಕಡ್ಡಾಯವಾಗಿರಬೇಕು: ನೂರಕ್ಕೆ ತಿಂಗಳಿಗೆ ಇಷ್ಟು ರೂಪಾಯಿ, ವರ್ಷಕ್ಕೆ ಶೇಕಡ ಇಷ್ಟು, ಒಟ್ಟಿಗೆ ಇಷ್ಟು, ಬಡ್ಡಿಯಿಲ್ಲ, ಗೊತ್ತಿಲ್ಲ.

ಕಂತಿನ ಸಾಲದಲ್ಲಿ ದರ ಕೇಳಲೇಬೇಡಿ. ಅದು ಅವರಿಗೆ ಗೊತ್ತಿರುವುದಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಗೊತ್ತಿರುವುದು ಮೂರು: ಕೈಗೆ ಬಂದದ್ದೆಷ್ಟು, ಕಂತು ಎಷ್ಟು, ಎಷ್ಟು ವಾರ. ಕೈಗೆ 30,000 ಬಂದು, ವಾರಕ್ಕೆ 670ರಂತೆ 50 ವಾರ ಕಟ್ಟಬೇಕು ಎಂದಿಟ್ಟುಕೊಳ್ಳಿ. ಒಟ್ಟು 33,500, ಹೆಚ್ಚಿಗೆ ಕಟ್ಟಿದ್ದು 3,500, ಮೇಲ್ನೋಟಕ್ಕೆ ಶೇ. 12ರ ಹತ್ತಿರ. ಆದರೆ ಅಸಲು ವಾರವಾರವೂ ಕರಗುತ್ತಿರುವುದರಿಂದ ನಿಜವಾದ ವಾರ್ಷಿಕ ದರ ಸುಮಾರು ಶೇ. 23. ಈ ಲೆಕ್ಕ ಕಂಪ್ಯೂಟರಿನಲ್ಲಿ ನಾವು ಮಾಡಬೇಕಾದದ್ದು, ಜಗಲಿಯಲ್ಲಿ ಕೂತವರು ಮಾಡಬೇಕಾದದ್ದಲ್ಲ. “ಮಂಜೂರಾದ ಮೊತ್ತ” ಎಂದು ಕೇಳದೆ “ಕೈಗೆ ಬಂದದ್ದು” ಎಂದು ಕೇಳುವುದೂ ಮುಖ್ಯ, ಏಕೆಂದರೆ ವಿಮೆ, ಫಾರಂ ಶುಲ್ಕ ಎಂದು ಮೊದಲೇ ಹಿಡಿದುಕೊಂಡಿರುತ್ತಾರೆ.

ಉತ್ತರಿಸುವವರ ಬಳಿ ಯಾವ ರೂಪದಲ್ಲಿ ಮಾಹಿತಿ ಇದೆಯೋ ಆ ರೂಪದಲ್ಲೇ ಕೇಳುವುದು ಎಲ್ಲ ಅಳತೆಗೂ ಅನ್ವಯಿಸುತ್ತದೆ. ಜಮೀನನ್ನು ಎಕರೆ-ಗುಂಟೆಯಲ್ಲಿ ಬರೆದುಕೊಳ್ಳಿ, ಎರಡು ಬೇರೆ ಖಾನೆಗಳಲ್ಲಿ. “2 ಎಕರೆ 20 ಗುಂಟೆ”ಯನ್ನು ಒಂದೇ ಖಾನೆಗೆ ಹಾಕಿದರೆ 2.20 ಆಗುತ್ತದೆ, ನಿಜಕ್ಕೆ ಅದು 2.50. ರಾಗಿಯನ್ನು ಚೀಲದಲ್ಲಿ ಹೇಳಿದರೆ ಚೀಲ ಎಷ್ಟು ಕಿಲೋದ್ದು ಎಂದು ಕೇಳಬೇಕು. ಊರಿಂದೂರಿಗೆ ಅದು ಬದಲಾಗುತ್ತದೆ.

ನೆನಪಿನ ಅವಧಿ

ಎಷ್ಟು ಹಿಂದಿನದನ್ನು ಕೇಳಬೇಕು ಎಂಬುದು ತಾಂತ್ರಿಕ ವಿವರದಂತೆ ಕಂಡರೂ ದೇಶದ ಬಡತನದ ಲೆಕ್ಕವನ್ನೇ ಅಲುಗಾಡಿಸಿದೆ. ರಾಷ್ಟ್ರೀಯ ಮಾದರಿ ಸಮೀಕ್ಷೆ ಆಹಾರದ ಖರ್ಚನ್ನು ಬಹುಕಾಲ 30 ದಿನದ ಲೆಕ್ಕದಲ್ಲಿ ಕೇಳುತ್ತಿತ್ತು. 1990ರ ದಶಕದ ನಡುವಿನ ಪ್ರಯೋಗಗಳಲ್ಲಿ, 7 ದಿನದ ಲೆಕ್ಕ ಕೇಳಿದ ಮನೆಗಳಲ್ಲಿ ಆಹಾರದ ಖರ್ಚು ಗಣನೀಯವಾಗಿ ಹೆಚ್ಚು ಬಂತು. 1999-2000ರ 55ನೇ ಸುತ್ತಿನಲ್ಲಿ ಒಂದೇ ಮನೆಯಲ್ಲಿ 7 ದಿನದ್ದನ್ನೂ 30 ದಿನದ್ದನ್ನೂ ಅಕ್ಕಪಕ್ಕದ ಕಂಬಗಳಲ್ಲಿ ಕೇಳಿದರು. ಒಂದಕ್ಕೆ ಕೊಟ್ಟ ಉತ್ತರ ಇನ್ನೊಂದನ್ನು ಎಳೆಯಿತು ಎಂಬ ಆಕ್ಷೇಪ ಎದ್ದಿತು. ಬಡತನ ಶೇ. 36ರಿಂದ 26ಕ್ಕೆ ಇಳಿಯಿತೆಂಬ ಅಧಿಕೃತ ಅಂಕಿಯಲ್ಲಿ ಎಷ್ಟು ನಿಜವಾದ ಇಳಿಕೆ, ಎಷ್ಟು ಪ್ರಶ್ನಾವಳಿಯ ಕೈವಾಡ ಎಂದು ಅರ್ಥಶಾಸ್ತ್ರಜ್ಞರು ವರ್ಷಗಟ್ಟಲೆ ವಾದಿಸಿದರು. ಆಮೇಲಿನ ಸುತ್ತುಗಳಲ್ಲಿ ಅವಧಿಯನ್ನು ವಸ್ತುವಿಗೆ ತಕ್ಕಂತೆ ಹಂಚಲಾಯಿತು: ತರಕಾರಿ, ಹಣ್ಣು, ಮೊಟ್ಟೆ, ಮಾಂಸ, ಎಣ್ಣೆಗೆ 7 ದಿನ, ಬಟ್ಟೆ, ಚಪ್ಪಲಿ, ಶಿಕ್ಷಣ, ಆಸ್ಪತ್ರೆ ದಾಖಲಾತಿಗೆ 365 ದಿನ, ಉಳಿದವಕ್ಕೆ 30.

ಹಿಂದಿನ ತತ್ವ ಸರಳ. ಪದೇಪದೇ ನಡೆಯುವ ಸಣ್ಣ ಸಂಗತಿ ಬೇಗ ಮರೆತುಹೋಗುತ್ತದೆ, ಅದಕ್ಕೆ ಅವಧಿ ಚಿಕ್ಕದಿರಬೇಕು. ಅಪರೂಪದ ದೊಡ್ಡ ಸಂಗತಿ ವರ್ಷವಾದರೂ ನೆನಪಿರುತ್ತದೆ, ಆದರೆ ಅದರ ಕಾಲ ಹತ್ತಿರಕ್ಕೆ ಜಾರುತ್ತದೆ: ಹದಿನಾಲ್ಕು ತಿಂಗಳ ಹಿಂದಿನ ಆಪರೇಷನ್ “ಇದೇ ವರ್ಷ” ಆಗಿಬಿಡುತ್ತದೆ. ಜಾರುವುದನ್ನು ತಡೆಯಲು ಗೂಟ ಹೊಡೆಯಬೇಕು. “ಕಳೆದ 12 ತಿಂಗಳಲ್ಲಿ” ಎನ್ನುವ ಬದಲು “ಹೋದ ಗೌರಿ ಹಬ್ಬದಿಂದ ಈಚೆಗೆ” ಅಥವಾ ಆ ಊರಿನ ಜಾತ್ರೆಯಿಂದ ಈಚೆಗೆ ಎಂದರೆ ಗಡಿ ಗಟ್ಟಿಯಾಗುತ್ತದೆ. ಕೃಷಿಯ ವಿಷಯಕ್ಕೆ ಮಳೆ ನಕ್ಷತ್ರಕ್ಕಿಂತ ಒಳ್ಳೆಯ ಗೂಟ ಇಲ್ಲ. ಬಿತ್ತಿದ್ದು ಯಾವ ತಿಂಗಳು ಎಂದರೆ ಮೇ, ಜೂನ್ ಎಂದು ತಡವರಿಸುವ ರೈತರು “ಮೃಗಶಿರ ಮಳೆ ಬಿದ್ದ ಮೇಲೆ” ಎಂದು ಥಟ್ಟನೆ ಹೇಳುತ್ತಾರೆ. ಒಂದೊಂದು ಮಳೆ 13-14 ದಿನದ್ದು. ರೋಹಿಣಿ ಮೇ 25ರ ಆಸುಪಾಸು, ಮೃಗಶಿರ ಜೂನ್ 8ರ ಸುಮಾರಿಗೆ, ಆರಿದ್ರ ಜೂನ್ 22ರ ಸುಮಾರಿಗೆ ಹುಟ್ಟುತ್ತದೆ. ಉತ್ತರ ದಾಖಲಿಸುವ ಟ್ಯಾಬಿನ (ಟ್ಯಾಬ್ಲೆಟ್) ಆಯ್ಕೆಗಳಲ್ಲಿ ತಿಂಗಳ ಜೊತೆ ಮಳೆಯ ಹೆಸರನ್ನೂ ಕೊಟ್ಟರೆ ತಿಂಗಳಿಗಿಂತ ನಿಖರವಾದ ದಿನಾಂಕವೇ ಸಿಗುತ್ತದೆ. ಇಷ್ಟು ಸುಲಭದ ಅನುಕೂಲವನ್ನು ಬಿಟ್ಟುಕೊಡುವುದು ನಷ್ಟ.

ಮಾತು

ಪ್ರಶ್ನೆಯನ್ನು ಬಾಯಿಬಿಟ್ಟು ಓದಿ ನೋಡಬೇಕು. ಉಸಿರು ಕಟ್ಟಿದರೆ ಅದು ಉದ್ದವಾಯಿತು. “ಫಲಾನುಭವಿ”, “ಆದಾಯದ ಮೂಲ”, “ಮನೆಯ ಮುಖ್ಯಸ್ಥರು” ಮುಂತಾದ ಕಚೇರಿಗನ್ನಡ ಇದ್ದರೆ ಸಮೀಕ್ಷಕರು ಅದನ್ನು ತಮ್ಮದೇ ಮಾತಿನಲ್ಲಿ ಬಿಡಿಸಿ ಹೇಳತೊಡಗುತ್ತಾರೆ, ಮತ್ತು ಇಪ್ಪತ್ತು ಸಮೀಕ್ಷಕರಿದ್ದರೆ ಇಪ್ಪತ್ತು ಪ್ರಶ್ನೆಗಳಾಗುತ್ತವೆ. ಆಡುಮಾತಿನಲ್ಲೇ ಬರೆದುಕೊಟ್ಟರೆ ಬದಲಿಸುವ ಅಗತ್ಯ ಬೀಳುವುದಿಲ್ಲ. ಕಲಬುರಗಿಗೂ ಚಾಮರಾಜನಗರಕ್ಕೂ ಒಂದೇ ಪಾಠ ಒಗ್ಗದಿದ್ದರೆ, ಬದಲಾಗಬಹುದಾದ ಪದಗಳನ್ನು ಮೊದಲೇ ಗುರುತಿಸಿ ಆಯಾ ಭಾಗಕ್ಕೆ ಮುದ್ರಿಸಿ ಕೊಡಿ. ಸ್ಥಳದಲ್ಲಿ ಹೊಳೆದಂತೆ ಬದಲಿಸಲು ಬಿಡಬೇಡಿ.

ಎರಡು ವಿಷಯಗಳನ್ನು ಒಂದರಲ್ಲಿ ಕಟ್ಟಿದ ಪ್ರಶ್ನೆ (“ನೀರು ಮತ್ತು ರಸ್ತೆ ಸರಿಯಾಗಿದೆಯಾ?”), ಉತ್ತರವನ್ನು ಬಾಯಿಗಿಡುವ ಪ್ರಶ್ನೆ (“ಯೋಜನೆಯಿಂದ ಅನುಕೂಲ ಆಗಿದೆ ಅಲ್ವಾ?”), ಇವನ್ನು ತೆಗೆಯಬೇಕೆಂದು ಎಲ್ಲರಿಗೂ ಗೊತ್ತು. ಕಡಿಮೆ ಗೊತ್ತಿರುವುದು ಒಂದೇ ಅರ್ಥದ ಎರಡು ಪದಗಳೂ ಬೇರೆ ಉತ್ತರ ತರುತ್ತವೆ ಎಂಬುದು. ಅಮೆರಿಕದಲ್ಲಿ 1940ರ ಸುಮಾರಿಗೆ, ಪ್ರಜಾಪ್ರಭುತ್ವದ ವಿರುದ್ಧ ಸಾರ್ವಜನಿಕ ಭಾಷಣಕ್ಕೆ “ಅವಕಾಶ ಕೊಡಬೇಕೇ” ಎಂದು ಒಂದು ಗುಂಪಿಗೂ “ನಿಷೇಧಿಸಬೇಕೇ” ಎಂದು ಇನ್ನೊಂದು ಗುಂಪಿಗೂ ಕೇಳಿದರು. ಅವಕಾಶ ಬೇಡ ಎಂದವರು ಶೇ. 62, ನಿಷೇಧಿಸಿ ಎಂದವರು ಶೇ. 46. ನಿಷೇಧ ಎಂಬ ಪದದ ಕಾಠಿಣ್ಯವೇ ಆ ಅಂತರ ತಂದಿತು.

ಹೆಂಗಸರ ದುಡಿಮೆಯ ವಿಷಯದಲ್ಲಿ ಪದಗಳ ಹೊಣೆ ಇನ್ನೂ ದೊಡ್ಡದು. “ಏನು ಕೆಲಸ ಮಾಡ್ತೀರಿ?” ಎಂದರೆ ಕಳೆ ಕೀಳುವ, ಹಾಲು ಕರೆಯುವ, ಬೀಡಿ ಕಟ್ಟುವ ಹೆಂಗಸೂ “ಮನೇಲೇ ಇರ್ತೀನಿ” ಎನ್ನುತ್ತಾರೆ. 1991ರ ಜನಗಣತಿಯಲ್ಲಿ ಕೆಲಸದ ಪ್ರಶ್ನೆಗೆ, ಸ್ವಂತ ಹೊಲದಲ್ಲಿ ಅಥವಾ ಮನೆಯ ಉದ್ಯಮದಲ್ಲಿ ಸಂಬಳವಿಲ್ಲದೆ ಮಾಡುವ ಕೆಲಸವೂ ಸೇರಿದಂತೆ ಎಂಬ ಮಾತನ್ನು ಸೇರಿಸಿದ್ದು ಇದಕ್ಕಾಗಿಯೇ. 2019ರ ಸಮಯ ಬಳಕೆ ಸಮೀಕ್ಷೆ ಕೆಲಸ ಎಂಬ ಪದವನ್ನೇ ಪಕ್ಕಕ್ಕಿಟ್ಟು, ಹಿಂದಿನ ದಿನ ಬೆಳಗಿನ ಜಾವ 4ರಿಂದ 24 ಗಂಟೆಯನ್ನು ಅರ್ಧರ್ಧ ಗಂಟೆಯಾಗಿ ಬಿಡಿಸಿ ಕೇಳಿತು. ಅಂಗವೈಕಲ್ಯವನ್ನು ಅಳೆಯಲು ಈಗ ಹಲವು ದೇಶಗಳಲ್ಲಿ ಬಳಸುವ, ವಾಷಿಂಗ್ಟನ್ ಗ್ರೂಪ್ ಎಂಬ ಅಂತರರಾಷ್ಟ್ರೀಯ ಅಂಕಿಅಂಶ ತಜ್ಞರ ತಂಡದ ಆರು ಪ್ರಶ್ನೆಗಳಲ್ಲೂ ಅದೇ ಜಾಣ್ಮೆ. ಅಂಗವಿಕಲರು ಇದ್ದಾರೆಯೇ ಎಂದು ಕೇಳದೆ, ನೋಡಲು, ಕೇಳಲು, ನಡೆಯಲು ಕಷ್ಟವಾಗುತ್ತದೆಯೇ, ಎಷ್ಟು ಎಂದು ನಾಲ್ಕು ಹಂತದ ಉತ್ತರದೊಡನೆ ಕೇಳುತ್ತವೆ.

ತೃಪ್ತಿಯ ಐದು ಮೆಟ್ಟಿಲ ಮಾಪನ ಹಳ್ಳಿಯಲ್ಲಿ ಸರಿಯಾಗಿ ಕೂರುವುದಿಲ್ಲ. “ತುಂಬಾ ತೃಪ್ತಿ”ಗೂ “ತೃಪ್ತಿ”ಗೂ ಇರುವ ಅಂತರ ಬಾಯಿಮಾತಿನಲ್ಲಿ ಕಳೆದುಹೋಗುತ್ತದೆ. ಎರಡು ಹೆಜ್ಜೆಯಲ್ಲಿ ಕೇಳಿ: “ಸರಿ ಇದೆಯಾ, ಸರಿ ಇಲ್ವಾ?” ಅದಾದ ಮೇಲೆ “ಪೂರ್ತಿನಾ, ಸ್ವಲ್ಪನಾ?” ಹೇಳಿಕೆ ಓದಿ “ಒಪ್ತೀರಾ?” ಎಂದು ಕೇಳುವುದಂತೂ ಬೇಡವೇ ಬೇಡ; ಮನೆಗೆ ಬಂದವರಿಗೆ ಎದುರಾಡಬಾರದೆಂಬ ಸಂಕೋಚದಿಂದ ಹೌದು ಹೌದು ಎಂದೇ ಬರುತ್ತದೆ.

ಯಾರನ್ನು, ಎಲ್ಲಿ, ಯಾವಾಗ

ಮನೆಯಲ್ಲೊಬ್ಬರು ಮನೆಯವರೆಲ್ಲರ ಪರವಾಗಿ ಹೇಳಿದರೆ ಎಷ್ಟು ತಪ್ಪಬಹುದು ಎಂಬುದನ್ನು ಉತ್ತರ ಭಾರತದ ಹಳ್ಳಿಗಳ ಒಂದು ಪ್ರಯೋಗ ಅಳೆದಿದೆ. ಶೌಚಕ್ಕೆ ಬಯಲಿಗೆ ಹೋಗುವ ಬಗ್ಗೆ ಕೆಲವು ಮನೆಗಳಲ್ಲಿ ಒಟ್ಟಾರೆಯಾಗಿ ಒಂದು ಪ್ರಶ್ನೆ ಕೇಳಿದರು. ಇನ್ನು ಕೆಲವು ಮನೆಗಳಲ್ಲಿ ಒಬ್ಬೊಬ್ಬ ಸದಸ್ಯರ ಹೆಸರು ಹಿಡಿದು ಕೇಳಿದರು. ಹೆಸರು ಹಿಡಿದು ಕೇಳಿದಲ್ಲಿ ಬಯಲಿಗೆ ಹೋಗುವವರು ನೂರಕ್ಕೆ ಸುಮಾರು 20 ಜನರಷ್ಟು ಹೆಚ್ಚು ಕಂಡರು. ಸಾಲಕ್ಕೂ ಇದು ಸಲ್ಲುತ್ತದೆ. ಸಂಘದ ಸಾಲ ಹೆಂಡತಿಯ ಹೆಸರಲ್ಲಿ, ಮಂಡಿಯ ಮುಂಗಡ ಗಂಡನ ಹೆಸರಲ್ಲಿ ಇರುತ್ತದೆ. ಒಬ್ಬರದು ಇನ್ನೊಬ್ಬರಿಗೆ ಪೂರ್ತಿ ಗೊತ್ತಿರುವುದಿಲ್ಲ. ಆಗುವುದಾದರೆ ಇಬ್ಬರನ್ನೂ ಬೇರೆ ಬೇರೆಯಾಗಿ ಮಾತಾಡಿಸಬೇಕು. ಅಕ್ಕಪಕ್ಕದವರು ಬಂದು ಕೂತಾಗ ಸಾಲದ ವಿಭಾಗವನ್ನು ಮುಂದೂಡಲು ಸಮೀಕ್ಷಕರಿಗೆ ಅನುಮತಿ ಇರಬೇಕು, ಟ್ಯಾಬಿನಲ್ಲೂ ಅದಕ್ಕೆ ದಾರಿ ಇರಬೇಕು.

ಸಮೀಕ್ಷೆ ಎಂದರೆ ಪಡಿತರ ಚೀಟಿ, ಯೋಜನೆ, ಸಾಲಮನ್ನಾ ಎಂಬ ನಿರೀಕ್ಷೆ ಮತ್ತು ಭಯ ಎರಡೂ ಇದ್ದೇ ಇರುತ್ತವೆ. ಬಿಪಿಎಲ್ ಕಾರ್ಡು ಹೋದೀತೆಂದು ಆಸ್ತಿ ಕಡಿಮೆಯಾಗುತ್ತದೆ, ಮನ್ನಾ ಆದೀತೆಂದು ಸಾಲ ಹೆಚ್ಚಾಗುತ್ತದೆ. ಇದರಿಂದ ಯಾವುದೂ ಸಿಗುವುದಿಲ್ಲ, ಯಾವುದೂ ಹೋಗುವುದಿಲ್ಲ, ಬೇಡವೆನಿಸಿದ ಪ್ರಶ್ನೆಗೆ ಉತ್ತರಿಸದೆ ಇರಬಹುದು ಎಂಬ ಮೂರು ಮಾತುಗಳನ್ನು ಪೀಠಿಕೆಯಲ್ಲಿ ಸರಳವಾಗಿ ಹೇಳಬೇಕು. ಸಾಲ, ಆದಾಯ, ಕಾಯಿಲೆಯ ಪ್ರಶ್ನೆಗಳು ನಡುವಿನಿಂದ ಆಚೆಗಿರಲಿ; ಮನೆಮಂದಿಯ ಪಟ್ಟಿ, ಬೆಳೆ, ದನಕರು ಮೊದಲು ಬರಲಿ.

ಪರೀಕ್ಷೆ

ಪ್ರಾಯೋಗಿಕ ಸಮೀಕ್ಷೆ ಮಾಡಿಯೇ ದೊಡ್ಡ ಸಮೀಕ್ಷೆಗೆ ಇಳಿಯಬೇಕೆಂಬ ಪದ್ಧತಿಯನ್ನು ನಮ್ಮಲ್ಲಿ ಬೇರೂರಿಸಿದವರು ಸಂಖ್ಯಾಶಾಸ್ತ್ರಜ್ಞ ಪಿ.ಸಿ. ಮಹಾಲನೋಬಿಸ್. ಈಗ ಅದು ಹಲವು ಹಂತಗಳಾಗಿ ಬೆಳೆದಿದೆ, ಒಂದೊಂದು ಹಂತ ಒಂದೊಂದು ಬಗೆಯ ದೋಷವನ್ನು ಹಿಡಿಯುತ್ತದೆ.

ಮೊದಲನೆಯದು ಅರ್ಥ ಪರೀಕ್ಷೆ. ಮೇಲೆ ಬ್ಯಾಂಕು, ಒಡವೆಯ ಮಾತುಕತೆ ಕಂಡಿರಲ್ಲ, ಅದೇ. ಒಂದು ಉತ್ತರ ಬರುವ ಮುಂಚೆ ಮನಸ್ಸಿನಲ್ಲಿ ನಾಲ್ಕು ಕೆಲಸ ನಡೆಯುತ್ತವೆ: ಪ್ರಶ್ನೆ ಅರ್ಥವಾಗಬೇಕು, ವಿಷಯ ನೆನಪಿಗೆ ಬರಬೇಕು, ಇದು ಲೆಕ್ಕಕ್ಕೆ ಸೇರುತ್ತದೋ ಇಲ್ಲವೋ ಎಂದು ತೂಗಬೇಕು, ಕೊನೆಗೆ ಕೊಟ್ಟ ಆಯ್ಕೆಗಳಲ್ಲಿ ಅದನ್ನು ಕೂರಿಸಬೇಕು. ಯಾವ ಕೆಲಸದಲ್ಲಿ ಎಡವಿದರು ಎಂದು ಕಂಡುಹಿಡಿಯುವುದೇ ಗುರಿ. “ಇದನ್ನ ನಿಮ್ಮ ಮಾತಲ್ಲಿ ಹೇಳಿ ನೋಡೋಣ”, “ಈ ಲೆಕ್ಕ ಹೇಗೆ ಹಾಕಿದ್ರಿ?”, “ಹೇಳೋಕೆ ಯಾಕೆ ಸ್ವಲ್ಪ ಯೋಚಿಸಿದ್ರಿ?” ಎಂಬಂಥ ಮರುಪ್ರಶ್ನೆಗಳನ್ನು ಮೊದಲೇ ಬರೆದಿಟ್ಟುಕೊಳ್ಳಿ. “ಅರ್ಥ ಆಯ್ತಾ?” ಎಂದು ಮಾತ್ರ ಕೇಳಬೇಡಿ, ಎಲ್ಲರೂ ಆಯ್ತು ಎನ್ನುತ್ತಾರೆ. ಒಂದು ಸುತ್ತಿಗೆ 8-10 ಜನ ಸಾಕು, ಆದರೆ ಬಗೆಬಗೆಯವರಿರಬೇಕು: ಓದಿದವರು, ಓದದವರು, ಹೆಂಗಸರು, ವಯಸ್ಸಾದವರು, ಜಮೀನಿಲ್ಲದವರು. ತಿದ್ದಿ ಇನ್ನೊಂದು ಸುತ್ತು, ಬೇಕಾದರೆ ಮೂರನೆಯದು. ಪೂರ್ತಿ ಪ್ರಶ್ನಾವಳಿಯನ್ನು ಹೀಗೆ ಕೇಳಲು ಆಗುವುದಿಲ್ಲ. ಅನುಮಾನವಿರುವ 15-20 ಪ್ರಶ್ನೆಗಳನ್ನು ಆರಿಸಿ.

ಎರಡನೆಯದು ಪ್ರಿಟೆಸ್ಟ್. ಆಯ್ಕೆಯಾಗಿರುವ ಹಳ್ಳಿಗಳಿಗೆ ಹೋಲುವ, ಆದರೆ ಆಯ್ಕೆಯಾಗದ ಹಳ್ಳಿಯಲ್ಲಿ 30-40 ಮನೆಗೆ ಪೂರ್ತಿ ಪ್ರಶ್ನಾವಳಿ ಒಯ್ಯಿರಿ. ಒಬ್ಬರು ಕೇಳುವಾಗ ಇನ್ನೊಬ್ಬರು ಪಕ್ಕದಲ್ಲಿ ಕೂತು, ಪ್ರತಿ ಪ್ರಶ್ನೆಯ ಎದುರು ಮೂರನ್ನು ಗುರುತು ಹಾಕಿಕೊಳ್ಳಬೇಕು: ಇದ್ದಂತೆಯೇ ಓದಿದರೋ ಬದಲಿಸಿದರೋ, ಉತ್ತರಿಸುವವರು “ಏನಂದ್ರಿ?” ಎಂದು ಕೇಳಿದರೋ, ಕೊಟ್ಟ ಉತ್ತರ ಆಯ್ಕೆಗಳಲ್ಲಿ ಕೂತಿತೋ. ನೂರಕ್ಕೆ 15ಕ್ಕಿಂತ ಹೆಚ್ಚು ಸಲ ತೊಂದರೆ ಕೊಟ್ಟ ಪ್ರಶ್ನೆ ತಿದ್ದಬೇಕಾದದ್ದು ಎಂಬುದು ರೂಢಿಯ ಅಳತೆ. ಅದೇ ಸಂಜೆ ಸಮೀಕ್ಷಕರನ್ನು ಕೂರಿಸಿ ಪ್ರಶ್ನೆವಾರು ಮಾತಾಡಿಸಿ. ಮರುದಿನಕ್ಕೆ ಬಿಟ್ಟರೆ “ಎಲ್ಲ ಸರಿ ಹೋಯ್ತು ಸಾರ್” ಎಂಬುದಷ್ಟೇ ಉಳಿದಿರುತ್ತದೆ.

ಆಮೇಲೆ ಆ 40 ಮನೆಗಳ ಅಂಕಿಗಳನ್ನು ಬಿಡಿಸಿ ನೋಡಿ. “ಇತರೆ” ಶೇ. 10 ದಾಟಿದ್ದರೆ ಆಯ್ಕೆಯೊಂದು ಬಿಟ್ಟುಹೋಗಿದೆ. ಎಲ್ಲರೂ ಒಂದೇ ಉತ್ತರ ಕೊಟ್ಟಿದ್ದರೆ ಆ ಪ್ರಶ್ನೆ ಬೇಕೇ ಎಂದು ಯೋಚಿಸಿ. ವಯಸ್ಸುಗಳು 30, 35, 40, 45ರಲ್ಲಿ ಗುಡ್ಡೆಬಿದ್ದಿದ್ದರೆ ಅಂದಾಜಿನಲ್ಲಿ ಬರೆದಿದ್ದಾರೆ. ಆಧಾರ್ ನೋಡಿ ಬರೆದರೂ ಜಾಗ್ರತೆ, ಹಿರಿಯರ ಹುಟ್ಟಿದ ದಿನ ಜನವರಿ 1 ಎಂದಿರುವುದು ಸಾಮಾನ್ಯ. ವಿಭಾಗವಾರು ಎಷ್ಟು ಹೊತ್ತು ಹಿಡಿಯಿತು ಎಂದು ಟ್ಯಾಬೇ ದಾಖಲಿಸುವಂತೆ ಮಾಡಿ. ಸಾಲದ ವಿಭಾಗ ಒಬ್ಬರಿಗೆ 11 ನಿಮಿಷ, ಇನ್ನೊಬ್ಬರಿಗೆ ಪ್ರತಿ ಮನೆಯಲ್ಲೂ 2 ನಿಮಿಷ ಆಗುತ್ತಿದ್ದರೆ ಆ ಎರಡನೆಯವರು ಪಟ್ಟಿ ಓದುತ್ತಿಲ್ಲ.

ಟ್ಯಾಬಿನ ಪರೀಕ್ಷೆ ಬೇರೆಯೇ. ಓಡಿಕೆ, ಕೋಬೋ, ಸರ್ವೇಸಿಟಿಒ ಎಂಬ ಸಮೀಕ್ಷೆಯ ತಂತ್ರಾಂಶಗಳಲ್ಲಿ ಯಾವುದರಲ್ಲಿ ಮಾಡಿದರೂ ಸ್ಕಿಪ್ ದಾರಿಗಳನ್ನು (ಯಾವ ಉತ್ತರ ಬಂದರೆ ಯಾವ ಪ್ರಶ್ನೆ ಬಿಟ್ಟು ಮುಂದೆ ಹೋಗಬೇಕು ಎಂಬುದನ್ನು) ಕಾಗದದ ಮೇಲೆ ಬಿಡಿಸಿ, ಕಲ್ಪಿತ ಮನೆಗಳನ್ನು ಅದರಲ್ಲಿ ನಡೆಸಿ: ಒಬ್ಬರೇ ಇರುವ ವಿಧವೆಯ ಮನೆ, ಹದಿನಾಲ್ಕು ಜನರ ಮನೆ, ಜಮೀನಿಲ್ಲದ ಮನೆ, ಏಳು ಕಡೆ ಸಾಲವಿರುವ ಮನೆ. “ಗೊತ್ತಿಲ್ಲ”ಕ್ಕೆ 98, “ಹೇಳಲು ಇಷ್ಟವಿಲ್ಲ”ಕ್ಕೆ 99 ಎಂದು ಇಟ್ಟರೆ 98 ವರ್ಷದ ಅಜ್ಜಿ “ಗೊತ್ತಿಲ್ಲ” ಆಗಿಬಿಡುತ್ತಾರೆ; ಋಣ ಸಂಖ್ಯೆ ಕೊಡಿ, -98, -99. ತಡೆಗಳಲ್ಲಿ ಎರಡು ಬಗೆ ಇರಲಿ. ಸಾಧ್ಯವೇ ಇಲ್ಲದ್ದನ್ನು, ಉದಾಹರಣೆಗೆ 40 ಗುಂಟೆ ಅಥವಾ ಅದಕ್ಕಿಂತ ಹೆಚ್ಚನ್ನು ಗುಂಟೆಯ ಖಾನೆ ಸ್ವೀಕರಿಸಬಾರದು. ಅಪರೂಪದ್ದನ್ನು, ಉದಾಹರಣೆಗೆ ತಿಂಗಳಿಗೆ ನೂರಕ್ಕೆ 10 ರೂಪಾಯಿ ಬಡ್ಡಿಯನ್ನು, “ಸರಿಯಾ?” ಎಂದು ಕೇಳಿ ಸ್ವೀಕರಿಸಬೇಕು. ಎಲ್ಲಕ್ಕೂ ಗಟ್ಟಿ ತಡೆ ಹಾಕಿದರೆ ಸಮೀಕ್ಷಕರು ತಡೆ ಒಪ್ಪುವ ಅಂಕಿಯನ್ನೇ ಹಾಕಿ ಮುಂದೆ ಹೋಗುತ್ತಾರೆ, ನಿಜ ಅಲ್ಲೇ ಉಳಿಯುತ್ತದೆ.

ಅನುವಾದದ ಬಗ್ಗೆ ಒಂದು ಮಾತು. ಮೂಲ ಇಂಗ್ಲಿಷಿನಲ್ಲಿದ್ದಾಗ ಕನ್ನಡಕ್ಕೆ ತಂದು, ಇನ್ನೊಬ್ಬರಿಂದ ಮತ್ತೆ ಇಂಗ್ಲಿಷಿಗೆ ತಿರುಗಿಸಿ ಹೋಲಿಸುವ ಪದ್ಧತಿ ಇದೆ. ಅದು ಬಿಟ್ಟುಹೋದ ಪದಗಳನ್ನು ಹಿಡಿಯುತ್ತದೆ, ಆದರೆ ಪದಕ್ಕೆ ಪದ ಇಟ್ಟ ಒರಟು ಕನ್ನಡವೇ ಈ ಪರೀಕ್ಷೆಯಲ್ಲಿ ಹೆಚ್ಚು ಅಂಕ ಗಳಿಸುತ್ತದೆ. ಇಬ್ಬರು ಬೇರೆ ಬೇರೆಯಾಗಿ ಅನುವಾದಿಸಿ, ಆ ಭಾಗದ ಹಳ್ಳಿಗಳಲ್ಲಿ ಕೆಲಸ ಮಾಡಿದ ಸಮೀಕ್ಷಕರೊಬ್ಬರನ್ನೂ ಕೂರಿಸಿಕೊಂಡು ಒಂದೊಂದು ಪ್ರಶ್ನೆಯನ್ನೂ ಚರ್ಚಿಸಿ ನಿಲ್ಲಿಸುವುದು ಮೇಲು.

ಕೊನೆಯ ಹಂತ ಪೈಲಟ್. ಮನೆ ಪಟ್ಟಿ ಮಾಡುವುದು, ಆರಿಸುವುದು, ಕೇಳುವುದು, ಅಪ್‌ಲೋಡ್, ತಪಾಸಣೆ ಎಲ್ಲವೂ ನಿಜದ ಸಮೀಕ್ಷೆಯಂತೆಯೇ ಒಂದೆರಡು ಹಳ್ಳಿಯಲ್ಲಿ ನಡೆಯಬೇಕು. ಇದಾದ ಮೇಲೆ ಪ್ರಶ್ನಾವಳಿಯನ್ನು ಬಿಗಿದು, ಆವೃತ್ತಿ ಸಂಖ್ಯೆ ಕೊಟ್ಟು, ಆ ಸಂಖ್ಯೆ ಪ್ರತಿ ಮನೆಯ ದಾಖಲೆಯಲ್ಲೂ ಬರುವಂತೆ ಮಾಡಿ. ಸಮೀಕ್ಷೆ ನಡೆಯುತ್ತಿರುವಾಗ ಪದ ಬದಲಿಸಲೇಬೇಕಾಗಿ ಬಂದರೆ ಸಂಖ್ಯೆಯೂ ಬದಲಾಗಲಿ, ದಿನಾಂಕ ಬರೆದಿಡಿ. ಮುಂದೆ ಅಂಕಿ ಬಿಡಿಸುವವರಿಗೆ ಆ ದಿನದ ಹಿಂದಿನದನ್ನೂ ಮುಂದಿನದನ್ನೂ ಬೇರೆ ಮಾಡಿ ನೋಡಲು ಆಗಬೇಕು.

ಕೆಲಸ ಶುರುವಾದ ಮೇಲೂ ಪರೀಕ್ಷೆ ನಿಲ್ಲುವುದಿಲ್ಲ. ನೂರಕ್ಕೆ 5ರಿಂದ 10 ಮನೆಗೆ ಬೇರೆಯವರು ಒಂದೆರಡು ವಾರದೊಳಗೆ ಹೋಗಿ ಹತ್ತು ಪ್ರಶ್ನೆಗಳನ್ನು ಮತ್ತೆ ಕೇಳಬೇಕು. ಆ ಹತ್ತರಲ್ಲಿ ಬದಲಾಗಲಾರದವು ಕೆಲವಿರಲಿ: ಮನೆಯಲ್ಲಿ ಎಷ್ಟು ಜನ, ಎಷ್ಟು ಜಮೀನು, ಸಮೀಕ್ಷಕರು ನಿಜಕ್ಕೂ ಬಂದಿದ್ದರೇ. ಇವುಗಳಲ್ಲಿ ವ್ಯತ್ಯಾಸ ಬಂದರೆ ಆ ಸಮೀಕ್ಷಕರ ಕೆಲಸ ನೋಡಬೇಕು. ಇನ್ನು ಕೆಲವು, ಒಡವೆ ಸಾಲದ ಬಾಕಿ, ಅಂಗಡಿಯ ಉದ್ರಿಯಂಥವು. ಇವುಗಳಲ್ಲಿ ಒಬ್ಬರಿಬ್ಬರದಲ್ಲ, ಎಲ್ಲ ಸಮೀಕ್ಷಕರ ಮನೆಗಳಲ್ಲೂ ಎರಡು ಸಲದ ಉತ್ತರ ತಾಳೆಯಾಗದಿದ್ದರೆ ದೋಷ ಇರುವುದು ಪ್ರಶ್ನೆಯಲ್ಲಿ. ಆಗ ವರದಿಯಲ್ಲಿ ಆ ಅಂಕಿಯ ಪಕ್ಕದಲ್ಲೇ ಆ ವ್ಯತ್ಯಾಸ ಎಷ್ಟು ಎಂಬುದನ್ನೂ ಮುದ್ರಿಸಬೇಕು.